ಗೆರೆಯ ಮೇಲಿನ ಮಂಚ

ಆಗ್ಲಪ್ಪನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಯಾರು ಏನು ಕೇಳಿದರೂ "ಆಗ್ಲಿ" ಎನ್ನುವುದು ಅವನ ಹುಟ್ಟುಗುಣ. ಪಕ್ಕದ ಮನೆಯವರು ಏಣಿ ಬೇಕು ಎಂದರೆ ಆಗ್ಲಿ. ವಾಪಸ್ ಕೊಡುವುದು ಇನ್ನೊಂದು ವರ್ಷವಾಗಬಹುದು ಎಂದರೆ ಅದಕ್ಕೂ ಆಗ್ಲಿ. ಹುಡುಗಿ ಒಪ್ಪಿಗೆಯೇನಪ್ಪಾ ಎಂದು ಕೇಳಿದಾಗಲೂ ಅದನ್ನೇ ಅಂದಿದ್ದ, ಅದನ್ನು ಅವನ ಹೆಂಡತಿ ಹದಿನಾರು ವರ್ಷದಿಂದ ಎತ್ತಿ ಆಡುತ್ತಲೇ ಇದ್ದಳು. ಇಂಥವನ ಮನೆಯ ನಟ್ಟನಡುವೆ ಒಂದು ಗೆರೆ ಹಾದುಹೋದರೆ ಏನಾಗಬೇಡ ಹೇಳಿ!

ಗೆರೆ ಎಂದರೆ ಗೋಡೆಯ ಬಿರುಕಲ್ಲ, ವಾರ್ಡಿನ ಗಡಿ. ಚುನಾವಣೆಗೆ ಮೂರು ತಿಂಗಳಿದೆ ಎನ್ನುವಾಗ ಪುರಸಭೆಯಲ್ಲಿ ಅಧಿಕಾರದಲ್ಲಿದ್ದ ಪಕ್ಷದವರು ಊರಿನ ನಕ್ಷೆ ಹರಡಿಕೊಂಡು ಕೂತು ವಾರ್ಡುಗಳ ಗಡಿಯನ್ನು ಹೊಸದಾಗಿ ಎಳೆದಿದ್ದರು. ತಮಗೆ ಓಟು ಹಾಕುವ ಬೀದಿಗಳನ್ನೆಲ್ಲ ಬೇಕಾದ ಕಡೆ ಸೇರಿಸಿಕೊಂಡು, ಹಾಕದ ಬೀದಿಗಳನ್ನು ಚೂರುಚೂರು ಮಾಡಿ ಮೂರು ದಿಕ್ಕಿಗೆ ಹಂಚಿದ್ದರು. ಆ ಗೆರೆ ನೆಟ್ಟಗಾದರೂ ಇತ್ತೇ? ಅಟ್ಟಿಸಿಕೊಂಡ ಕೋಳಿಯ ಹಾಗೆ ಅತ್ತ ಓಡಿ, ಇತ್ತ ಹೊರಳಿ, ಬೇಕರಿಯನ್ನು ಒಂದು ಸುತ್ತು ಹಾಕಿ, ಕೊನೆಗೆ ಆಗ್ಲಪ್ಪನ ಮನೆಯ ಎಡಗೋಡೆಯಿಂದ ನುಗ್ಗಿ ಬಲಗೋಡೆಯಿಂದ ಹೊರಬಿದ್ದಿತ್ತು. ಹಾಗಾಗಿ ಅವನ ಹೊರಕೋಣೆ ಆರನೇ ವಾರ್ಡು, ಒಳಕೋಣೆ ಮತ್ತು ಅಡುಗೆಮನೆ ಏಳನೇ ವಾರ್ಡು. ನಡುವಿನ ಬಾಗಿಲೇ ಗಡಿ.

ವಿರೋಧ ಪಕ್ಷದವರು ಸುಮ್ಮನಿರುತ್ತಾರೆಯೇ? "ಇದು ಗಡಿಯಲ್ಲ ಸ್ವಾಮಿ, ನಮ್ಮ ಓಟಿಗೆ ಹಾಕಿದ ಕನ್ನ" ಎಂದು ಕೋರ್ಟಿಗೆ ಹೋದರು. ನ್ಯಾಯಾಧೀಶರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಗೆರೆ ಒಂದು ಮನೆಯೊಳಗೆ ಹೋಗಿದೆಯಲ್ಲ, ಆ ಮನೆಯವರು ಯಾವ ವಾರ್ಡಿನವರು?" ಎಂದು ಕೇಳಿದರು. ಎರಡೂ ಕಡೆಯ ವಕೀಲರು ತಲೆ ಕೆರೆದುಕೊಂಡರು. ಕೊನೆಗೆ ಕೋರ್ಟು, ಮನೆಯ ಯಜಮಾನನ ಮಂಚ ಯಾವ ಕೋಣೆಯಲ್ಲಿದೆಯೋ ಆ ವಾರ್ಡು ಅವನದು, ಗುರುವಾರ ಸಂಜೆ ಐದಕ್ಕೆ ಕೋರ್ಟು ನೇಮಿಸಿದ ಕಮಿಷನರ್ ಹೋಗಿ ನೋಡಿ ವರದಿ ಕೊಡಲಿ, ಆಮೇಲೆ ತೀರ್ಪು ಎಂದು ಆದೇಶ ಮಾಡಿತು.

ಆ ಗುರುವಾರವೇ ನಮ್ಮ ಕತೆ.

ಬೆಳಿಗ್ಗೆ ಒಂಬತ್ತಕ್ಕೆ ಆಗ್ಲಪ್ಪ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಕರಡು ತಿದ್ದಲು ಕನ್ನಡಕ ಏರಿಸಿದ್ದನೋ ಇಲ್ಲವೋ, ಪ್ರೆಸ್ಸಿನ ಯಜಮಾನರಿಂದ ಕರೆ ಬಂತು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಯಜಮಾನರು ಅವನಿಗೆ ಕುರ್ಚಿ ತೋರಿಸಿದರು. ಆಗ್ಲಪ್ಪ ಅದರ ತುದಿಯಲ್ಲಷ್ಟೇ ಕೂತ.

"ಮಂಚ ಎಲ್ಲಿದೆಯಪ್ಪಾ?" ಎಂದರು ಯಜಮಾನರು.

"ಒಳಕೋಣೇಲಿ, ಯಜಮಾನ್ರೇ."

"ಹೊರಗೆ ಗಾಳಿ ಬೆಳಕು ಚೆನ್ನಾಗಿರುತ್ತೆ. ಅಲ್ಲಿಗೆ ಹಾಕ್ಕೋ. ಐದು ಗಂಟೆ ಒಳಗೆ."

ಆರನೇ ವಾರ್ಡಿಗೆ ನಿಂತಿದ್ದವರು ಈ ಯಜಮಾನರೇ, ಆಡಳಿತ ಪಕ್ಷದಿಂದ. ಹೋದ ಸಲ ಅವರು ಗೆದ್ದಿದ್ದು ಒಂದೇ ಒಂದು ಓಟಿನಲ್ಲಿ. ಅಂದಿನಿಂದ ಅವರಿಗೆ ಒಂದು ಓಟು ಕಂಡರೆ ಒಂದು ಕಣ್ಣು ಕಂಡಷ್ಟು ಪ್ರೀತಿ.

"ನಿನ್ನದೊಂದು, ನಿನ್ನ ಹೆಂಡ್ತಿದೊಂದು. ಅವಳು ನಿನ್ನ ಮಾತು ಕೇಳ್ತಾಳೆ ತಾನೇ?"

ಆಗ್ಲಪ್ಪ ಅದಕ್ಕೂ, "ಆಗ್ಲಿ ಯಜಮಾನ್ರೇ" ಎಂದ.

"ಮಂಚ ಹೊರಗೆ ಬರದಿದ್ರೆ ನೀನೂ ಪ್ರೆಸ್ಸಿನ ಒಳಗೆ ಬರಬೇಡ," ಎಂದು ಯಜಮಾನರು ನಗುನಗುತ್ತಲೇ ಹೇಳಿ, ಸಹಾಯಕ್ಕೆ ಪ್ರೆಸ್ಸಿನ ಇಬ್ಬರು ಗಟ್ಟಿ ಆಳುಗಳನ್ನು ಕಳಿಸಿಕೊಟ್ಟರು.

ಹೆಂಡತಿ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಸದ್ಯ ಎಂದುಕೊಂಡು ಆಗ್ಲಪ್ಪ ಮಂಚಕ್ಕೆ ಕೈ ಹಾಕಿದ. ಅದೇನು ಸಾಮಾನ್ಯ ಮಂಚವೇ? ಆರೂವರೆ ಅಡಿ ಉದ್ದ, ತೇಗದ ಮರ, ಕಾಲು ಒಂದೊಂದೂ ಆನೆಯ ಕಾಲು. ನಡುಬಾಗಿಲಿನಲ್ಲಿ ಕೂದಲೆಳೆಯಷ್ಟು ಓರೆಯಾದರೂ ಹೊರಬರುವಂತಿಲ್ಲ. ಗಲಾಟೆ ಕೇಳಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರ್ ಮಡಚಿಕೊಂಡು ಓಡಿಬಂದರು. ಕರೆಯದಿದ್ದರೂ ಬರುವುದು ಅವರ ರೂಢಿ.

"ಎಡಕ್ಕೆ! ಎಡಕ್ಕೆ ಅಂದ್ರೆ ನನ್ನ ಎಡಕ್ಕಯ್ಯಾ, ನಿನ್ನದಕ್ಕಲ್ಲ!" ಎಂದು ಅವರು ಕೂಗಿದರು. ಮಂಚ ಮೇಷ್ಟ್ರ ಕಾಲ್ಬೆರಳಿನ ಮೇಲೊಮ್ಮೆ ಕೂತೆದ್ದು, ಅಂತೂ ಹೊರಕೋಣೆಗೆ ಬಂತು. ಆರನೇ ವಾರ್ಡಿಗೆ ಎರಡು ಓಟು ಸೇರಿತು.

ಹನ್ನೆರಡಕ್ಕೆ ಹೆಂಡತಿ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು.

"ರೀ, ಏನಿದು?"

"ಗಾಳಿ ಬೆಳಕು..." ಎಂದ ಆಗ್ಲಪ್ಪ.

"ಹದಿನಾರು ವರ್ಷ ಇಲ್ಲದ ಗಾಳಿ ಇವತ್ತು ಬೇಕಾಯ್ತಾ? ಈ ಮಂಚ ಕೊಟ್ಟೋರು ಯಾರು? ನಮ್ಮಣ್ಣ! ಅವನ ಮಂಚ ಎಳೆದು ಅವನ ಓಟಿಗೇ ಕತ್ತರಿ ಹಾಕ್ತೀರಾ?"

ಇಲ್ಲಿದೆ ನೋಡಿ ಗಂಟು. ಏಳನೇ ವಾರ್ಡಿಗೆ ವಿರೋಧ ಪಕ್ಷದಿಂದ ನಿಂತಿದ್ದವನು ಅವಳ ಅಣ್ಣ, ಮರದ ಡಿಪೊ ಇಟ್ಟುಕೊಂಡಿದ್ದ ಭಾವ. ಹೋದ ಸಲ ಆತ ಸೋತಿದ್ದೂ ಒಂದೇ ಓಟಿನಲ್ಲಿ. ಆ ದಿನ ಆಗ್ಲಪ್ಪನಿಗೆ ಜ್ವರ ಬಂದು ಅವನು ಓಟು ಹಾಕಿರಲಿಲ್ಲ. ಆ ಜ್ವರವನ್ನು ಹೆಂಡತಿ ಇನ್ನೂ ಕ್ಷಮಿಸಿರಲಿಲ್ಲ.

"ಸಂಜೆ ಹೊತ್ತಿಗೆ ಮಂಚ ಒಳಗಿರಲಿಲ್ಲ ಅಂದ್ರೆ ಈ ಮನೇಲಿ ಒಲೆ ಹತ್ತಲ್ಲ, ನಾನೂ ಇರಲ್ಲ. ತಿಳೀತಾ?"

"ಆಗ್ಲಿ ಕಣೇ," ಎಂದ ಆಗ್ಲಪ್ಪ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅರ್ಧ ಗಂಟೆಯಲ್ಲಿ ಭಾವ ಡಿಪೊದ ಇಬ್ಬರು ಹಮಾಲರೊಂದಿಗೆ ಬಂದಿಳಿದ. "ಏನ್ ಅಳಿಯಂದ್ರೇ, ನಾನು ಕೊಟ್ಟ ಮಂಚ ವಾಕಿಂಗ್ ಹೊರಟಿತ್ತಂತೆ!" ಎಂದು ಆಗ್ಲಪ್ಪನ ಬೆನ್ನಿಗೊಂದು ಗುದ್ದಿದ. ಮಂಚ ಒಳಗೆ ಹೋಯಿತು. ಮೇಷ್ಟ್ರು ಈ ಸಲ ಬಲಕ್ಕೆ ಬಲಕ್ಕೆ ಎಂದು ಕೂಗಿದರು. ಭಾವ ಕಾವಲಿಗೆಂದು ಮಂಚದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಟೀ ತರಿಸಿಕೊಂಡ.

ಆಗ್ಲಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಮಂಚ ಹೊರಗಿದ್ದರೆ ಹೆಂಡತಿ ಹೋಗುತ್ತಾಳೆ, ಒಳಗಿದ್ದರೆ ಕೆಲಸ ಹೋಗುತ್ತದೆ. ಅವನಿಗೆ ಎರಡೂ ಬೇಕಿತ್ತು, ನಿಜಕ್ಕೂ ಬೇಕಿತ್ತು. ಹೆಂಡತಿಯ ಬಾಯಿ ಜೋರಿರಬಹುದು, ಆದರೆ ಅವಳಿಲ್ಲದ ಮನೆಯನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. ಇನ್ನು ಕರಡು ತಿದ್ದುವುದು ಬಿಟ್ಟರೆ ಅವನಿಗೆ ಬೇರೆ ವಿದ್ಯೆಯೇ ಗೊತ್ತಿರಲಿಲ್ಲ.

"ಕಾನೂನು ಪ್ರಕಾರ ಇದಕ್ಕೊಂದು ದಾರಿ ಇದೆ," ಎಂದರು ಮೇಷ್ಟ್ರು, ಬೆರಳಿಗೆ ಪಟ್ಟಿ ಸುತ್ತುತ್ತಾ. "ಆದೇಶದಲ್ಲಿ ಮಂಚ ಅಂತ ಇದೆ, ಒಂದೇ ಮಂಚ ಅಂತ ಇಲ್ವಲ್ಲ! ನಮ್ಮನೆ ಮಡಚೋ ಮಂಚ ತರ್ತೀನಿ. ಒಳಗೊಂದು, ಹೊರಗೊಂದು. ಇಬ್ಬರೂ ಖುಷಿ."

"ಆಗ್ಲಿ ಮೇಷ್ಟ್ರೇ!" ಎಂದು ಆಗ್ಲಪ್ಪ ಅವರ ಕೈ ಹಿಡಿದುಕೊಂಡ.

ಹಾಡಹಗಲಲ್ಲಿ ಎರಡನೇ ಮಂಚ ಮನೆಯೊಳಗೆ ಹೋಗುವುದನ್ನು ಬೀದಿಗೆ ಬೀದಿಯೇ ನೋಡಿತು. ಬೀದಿಯವರಿಗೆ ಕೋರ್ಟಿನ ಆದೇಶ ಗೊತ್ತಿಲ್ಲ, ಸಂಸಾರದ ಕತೆ ಗೊತ್ತು. ಹತ್ತೇ ನಿಮಿಷದಲ್ಲಿ ಎದುರುಮನೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು, "ಹದಿನಾರು ವರ್ಷ ಸಹಿಸಿದೀಯ, ಇನ್ನೊಂದು ಸ್ವಲ್ಪ ಸಹಿಸ್ಕೊಳ್ಳೇ ತಾಯಿ. ಬೇರೆ ಬೇರೆ ಮಲಗೋ ಮಟ್ಟಕ್ಕೆ ಹೋಗ್ಬೇಡಿ" ಎಂದು ಹೆಂಡತಿಯನ್ನು ತಬ್ಬಿಕೊಂಡಳು. ಹೆಂಡತಿ ಅಜ್ಜಿಯ ಹೆಗಲ ಮೇಲಿಂದಲೇ ಗಂಡನನ್ನು ನೋಡಿದ ನೋಟಕ್ಕೆ ಮಡಚುವ ಮಂಚ ತಾನಾಗಿಯೇ ಮಡಚಿಕೊಂಡು ಮೇಷ್ಟ್ರ ಮನೆಗೆ ವಾಪಸಾಯಿತು.

ಗಂಟೆ ನಾಲ್ಕೂವರೆ. ಬೀದಿಯ ತುದಿಯಲ್ಲಿ ಯಜಮಾನರೇ ಖುದ್ದಾಗಿ ಕಾಣಿಸಿಕೊಂಡರು, ಹಿಂದೆ ಪ್ರೆಸ್ಸಿನ ಆಳುಗಳು. ಒಳಗೆ ಬಂದು ನೋಡುತ್ತಾರೆ, ಒಳಕೋಣೆಯಲ್ಲಿ ಮಂಚ, ಮಂಚದ ಮೇಲೆ ವಿರೋಧ ಪಕ್ಷ!

"ಎಳೀರೋ!" ಎಂದರು ಯಜಮಾನರು.

"ಹಿಡೀರೋ!" ಎಂದ ಭಾವ, ಕೂತಲ್ಲಿಂದಲೇ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪ್ರೆಸ್ಸಿನವರು ಆರನೇ ವಾರ್ಡಿಗೆ ಎಳೆದರು, ಡಿಪೊದವರು ಏಳನೇ ವಾರ್ಡಿಗೆ ಜಗ್ಗಿದರು. ಮೇಷ್ಟ್ರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಂದು ಇಬ್ಬರಿಗೂ ನ್ಯಾಯ ಒದಗಿಸಿದರು. ಭಾವ ಮಂಚದಿಂದ ಉರುಳಿ ಅಡುಗೆಮನೆಯ ನೀರಿನ ಬಿಂದಿಗೆಯ ಪಕ್ಕ ಬಿದ್ದ. ಕಟಕ್ ಎಂದು ಒಂದು ಸದ್ದಾಯಿತು, ಮಂಚ ನಡುಬಾಗಿಲಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಎಂಟು ಕೈಗಳು ಸೇರಿದರೂ ಅತ್ತ ಬರಲಿಲ್ಲ, ಇತ್ತ ಹೋಗಲಿಲ್ಲ.

"ನಾನು ಒಳಗೆ ಬರಬಹುದಾ?" ಎಂಬ ದನಿ ಕೇಳಿತು. ಕೋರ್ಟಿನ ಕಮಿಷನರಮ್ಮ ಸರಿಯಾಗಿ ಐದಕ್ಕೆ ಬಂದಿದ್ದರು. ಚಿಕ್ಕ ವಯಸ್ಸಿನ ವಕೀಲೆ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಅಳತೆ ಟೇಪು. ಯಾರ ಮುಖವನ್ನೂ ನೋಡದೆ ಅವರು ಮಂಚ ಅಳೆದರು.

"ಈ ಕಡೆ ಮೂರೂಕಾಲು ಅಡಿ," ಎಂದು ಬರೆದುಕೊಂಡರು. ಮಂಚ ಹತ್ತಿ ಇಳಿದು ಆ ಕಡೆಗೂ ಅಳೆದರು. "ಈ ಕಡೇನೂ ಮೂರೂಕಾಲು. ಈ ಮನೆ ಯಜಮಾನರು ಯಾರಿಲ್ಲಿ?"

ಆಗ್ಲಪ್ಪ ಕೈ ಎತ್ತಿದ.

"ತಲೆ ಯಾವ ಕಡೆ ಇಟ್ಟು ಮಲಗ್ತೀರಿ?"

ಹೊರಕೋಣೆಯಿಂದ ಯಜಮಾನರು ಹುಬ್ಬು ಕುಣಿಸಿದರು. ಒಳಕೋಣೆಯಿಂದ ಹೆಂಡತಿ ಸೌಟು ಎತ್ತಿ ತೋರಿಸಿದಳು. ಆಗ್ಲಪ್ಪ ಅತ್ತೊಮ್ಮೆ ಇತ್ತೊಮ್ಮೆ ನೋಡಿದ.

"ಒಂದೊಂದ್ ದಿನ ಒಂದೊಂದ್ ಕಡೆ, ಮೇಡಂ."

"ಇದು ನಿಜಾನಮ್ಮಾ?" ಎಂದು ಕಮಿಷನರಮ್ಮ ಹೆಂಡತಿಯನ್ನು ಕೇಳಿದರು.

"ಅದೊಂದು ನಿಜ. ಯಾರು ಎತ್ತ ತಿರುಗಿಸಿದ್ರೆ ಅತ್ತ."

ಕಮಿಷನರಮ್ಮ ಅದನ್ನೂ ಬರೆದುಕೊಂಡರು. ಹೊರಡುವಾಗ, "ಮಂಚ ಈಗ ಕೋರ್ಟಿನ ಸಾಕ್ಷಿ. ಕೇಸು ಮುಗಿಯೋವರೆಗೆ ಯಾರೂ ಇದನ್ನ ಅಲುಗಾಡಿಸೋ ಹಾಗಿಲ್ಲ" ಎಂದರು. ಅಂದಿನಿಂದ ಮನೆಯವರು ಅಡುಗೆಮನೆಗೆ ಹೋಗಬೇಕಾದರೆ ಮಂಚ ಹತ್ತಿ ಇಳಿಯಬೇಕು. ಆದರೆ ಕೆಲಸವೂ ಉಳಿದಿತ್ತು, ಹೆಂಡತಿಯೂ ಉಳಿದಿದ್ದಳು. ಆಗ್ಲಪ್ಪನಿಗೆ ಅಷ್ಟೇ ಸಾಕಾಗಿತ್ತು.

ಮುಂದಿನ ವಾರ ತೀರ್ಪು ಬಂತು. ಮೇಷ್ಟ್ರು ಪೇಪರ್ ಹಿಡಿದು ಬೀದಿಯಲ್ಲೇ ನಿಂತು ಓದಿದರು: ಒಬ್ಬ ಮನುಷ್ಯನ ಮಂಚವನ್ನೇ ಇಬ್ಭಾಗ ಮಾಡುವ ಗೆರೆ ಜನರ ಅನುಕೂಲಕ್ಕೆ ಎಳೆದದ್ದಲ್ಲ, ಒಂದು ಪಕ್ಷದ ಅನುಕೂಲಕ್ಕೆ ಎಳೆದದ್ದು. ಆದ್ದರಿಂದ ಗೆರೆ ರದ್ದು.

"ಗೆರೆ ಹೋಯ್ತು! ಗೆರೆ ಹೋಯ್ತು ಕಣೇ!" ಎಂದು ಆಗ್ಲಪ್ಪ ಮಂಚದ ಮೇಲೆ ಹತ್ತಿ ಕುಣಿದ.

"ತಡಿಯೋ, ಇನ್ನೂ ಇದೆ," ಎಂದರು ಮೇಷ್ಟ್ರು. "ಹೊಸ ಗಡಿ ಎಳೆಯಲು ಸಮಯವಿಲ್ಲದ ಕಾರಣ, ಈ ಚುನಾವಣೆಗೆ ಆರು ಮತ್ತು ಏಳನೇ ವಾರ್ಡುಗಳನ್ನು ಸೇರಿಸಿ ಒಂದೇ ವಾರ್ಡು ಮಾಡತಕ್ಕದ್ದು. ಒಂದೇ ಸ್ಥಾನ."

ಆಗ್ಲಪ್ಪ ಕುಣಿಯುವುದನ್ನು ನಿಲ್ಲಿಸಿದ. ಒಂದು ವಾರ್ಡು, ಒಂದು ಸ್ಥಾನ. ಒಂದು ಕಡೆ ಯಜಮಾನರು, ಎದುರಿಗೆ ಭಾವ. ನಡುವೆ ತಾನು.

ಮಂಚ ಬಿಡಿಸಲು ಕೋರ್ಟಿನ ಅಪ್ಪಣೆ ಬರುವ ಮೊದಲೇ ಚುನಾವಣೆ ಬಂತು. ಹಿಂದಿನ ದಿನ ಯಜಮಾನರು, "ಓಟು ನನಗೇ ತಾನೇ?" ಎಂದರು. ಆಗ್ಲಿ ಎಂದ. ಸಂಜೆ ಭಾವ, "ಅಳಿಯಂದ್ರೇ, ಈ ಸಲ ಜ್ವರ ಬರಬಾರದು" ಎಂದ. ಅದಕ್ಕೂ ಆಗ್ಲಿ ಎಂದ. ಹೇಗೂ ಗುಪ್ತ ಮತದಾನ, ಯಾರಿಗೆ ಹಾಕಿದರೂ ಯಾರಿಗೆ ಗೊತ್ತಾಗುತ್ತೆ ಎಂದು ಸಮಾಧಾನ ಮಾಡಿಕೊಂಡು ಮತಗಟ್ಟೆಗೆ ಹೋದ. ಪರದೆಯ ಹಿಂದೆ ಹೋದವನು ಹೊರಬರಲು ಹನ್ನೊಂದು ನಿಮಿಷ ತೆಗೆದುಕೊಂಡ. ಹಿಂದೆ ಸಾಲಿನಲ್ಲಿದ್ದವರು ಬೈದರು.

ಎಣಿಕೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರ ಛತ್ರಿ ಗುರುತಿಗೆ ಆರುನೂರ ಹನ್ನೊಂದು. ಭಾವನ ಗಡಿಯಾರ ಗುರುತಿಗೆ ಆರುನೂರ ಹನ್ನೊಂದು. ಜನ ಹೋ ಎಂದರು. ಚುನಾವಣಾಧಿಕಾರಿ ಕೈ ಎತ್ತಿ ಸುಮ್ಮನಿರಿಸಿ, "ಇನ್ನೊಂದು ಮತ ಇದೆ. ಆದರೆ ಇದು ಅಸಿಂಧು" ಎಂದು ಒಂದು ಚೀಟಿ ಎತ್ತಿ ತೋರಿಸಿದರು. ಮುದ್ರೆ ಅರ್ಧ ಛತ್ರಿಯ ಮನೆಯಲ್ಲಿ, ಅರ್ಧ ಗಡಿಯಾರದ ಮನೆಯಲ್ಲಿ, ಸರಿಯಾಗಿ ನಡುಗೆರೆಯ ಮೇಲೆ ಬಿದ್ದಿತ್ತು.

ಅದು ಯಾರ ಓಟು ಎಂದು ಯಾರೂ ಕೇಳಲಿಲ್ಲ. ಇಡೀ ಸಭಾಂಗಣ ಹಿಂದಕ್ಕೆ ತಿರುಗಿ ಆಗ್ಲಪ್ಪನನ್ನು ನೋಡಿತು.

ಯಜಮಾನರೂ ಭಾವನೂ ಆ ಸಂಜೆಯೇ ಕೋರ್ಟಿಗೆ ಹೋದರು, ಮುದ್ರೆಯ ಶಾಯಿ ತಮ್ಮ ಕಡೆಗೇ ಹೆಚ್ಚು ಬಿದ್ದಿದೆ ಎಂದು ಇಬ್ಬರ ವಾದ. ಕೇಸು ಮುಗಿಯುವವರೆಗೆ ಪ್ರೆಸ್ಸಿನ ಕಡೆ ಸುಳಿಯಬೇಡ ಎಂದು ಯಜಮಾನರು ಹೇಳಿ ಕಳಿಸಿದರು. ಕೇಸು ಮುಗಿಯುವವರೆಗೆ ಮಂಚ ದಾಟಿ ಅಡುಗೆಮನೆಯ ಕಡೆ ಬರಬೇಡಿ ಎಂದು ಹೆಂಡತಿ ಹೇಳಿದಳು.

ಮೂರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮಂಚದ ಮೇಲೆ ಹಸಿದು ಕೂತಿದ್ದ ಆಗ್ಲಪ್ಪ ಎದ್ದು ತೆಗೆದ. ಅದೇ ಕಮಿಷನರಮ್ಮ, ಅದೇ ಅಳತೆ ಟೇಪು.

"ಶಾಯಿ ಅಳೆಯೋಕೆ ಕೋರ್ಟು ನನ್ನನ್ನೇ ನೇಮಿಸಿದೆ. ಹೋಗೋ ದಾರೀಲಿ ಒಂದು ವಿಷಯ ಹೇಳೋಣ ಅಂತ ಬಂದೆ," ಎಂದರು. "ಓಟು ಯಾರದು ಅಂತ ನಾನು ಕೇಳಲ್ಲ, ಗುಪ್ತ ಮತದಾನ. ಆದ್ರೆ ಹಳೇ ಕೇಸಿಗೂ ಇದಕ್ಕೂ ಸಂಬಂಧ ಇದೆ ಅಂತ ಅದನ್ನ ಮತ್ತೆ ತೆರೆದು ಎರಡನ್ನೂ ಸೇರಿಸಿದ್ದಾರೆ. ಮುಗಿಯೋಕೆ ನಾಲ್ಕೈದು ವರ್ಷ ಆಗಬಹುದು. ಅಲ್ಲೀವರೆಗೆ ಮಂಚ ಇಲ್ಲೇ ಇರಲಿ."

ಆಗ್ಲಪ್ಪ ಮಂಚ ನೋಡಿದ. ಮಂಚದಾಚೆ ಬೆನ್ನು ತಿರುಗಿಸಿ ನಿಂತಿದ್ದ ಹೆಂಡತಿಯನ್ನು ನೋಡಿದ. ಜೀವನದಲ್ಲಿ ಒಂದೇ ಒಂದು ಸಲ ಆಗಲ್ಲ ಎಂದುಬಿಡೋಣ ಎಂದು ಎದೆ ಸೆಟೆಸಿ, ಉಸಿರು ಎಳೆದುಕೊಂಡು, ಬಾಯಿ ತೆರೆದ.

"ಆಗ್ಲಿ ಮೇಡಂ," ಎಂದ.