ಬಿಸಿಯಾಗದ ಓವನ್

ಮಾರಿಕ್ರೂಸ್ ಓವನ್ನಿನ ಬಾಗಿಲು ತೆಗೆದದ್ದೇ ತಪ್ಪಾಯಿತು. ಒಳಗಿಂದ ಎರಡು ಬಾಣಲೆ, ಒಂದು ರೊಟ್ಟಿ ಹೆಂಚು, ಹಂಡೆಯ ಮುಚ್ಚಳ ಎಲ್ಲ ದಬದಬನೆ ಅವಳ ಕಾಲ ಮೇಲೆ ಬಿದ್ದವು.

ಆ ಓವನ್ ವಿನ್ಯಾಸ ಮಾಡಿದ್ದು ಅವಳೇ. ಕಂಪನಿಯ ಎಂಜಿನಿಯರುಗಳಲ್ಲಿ ಮೆಕ್ಸಿಕೋ ಮೂಲದ ಹೆಣ್ಣೆಂದರೆ ಅವಳೊಬ್ಬಳೇ. ಪರೀಕ್ಷೆಗೆಂದು ಮೊದಲ ಓವನ್ನನ್ನು ಸ್ಯಾನ್ ಆಂಟೋನಿಯೋದ ತಾಯಿಯ ಮನೆಯಲ್ಲಿ ಇಡಿಸಿದ್ದಳು. ತಿಂಗಳಾದರೂ ಒಂದು ದೂರಿಲ್ಲ, ಕರೆಂಟೂ ಖರ್ಚಾಗಿಲ್ಲ! ಇದೇನು ಪವಾಡವೆಂದು ಕುತೂಹಲ ತಡೆಯಲಾರದೆ ಮ್ಯಾನೇಜರ್ ವಿಟ್ಕಂಬ್ ಇವತ್ತು ತಾವೇ ನೋಡಲು ಬರುವವರಿದ್ದರು. ಮೆಚ್ಚಿದರೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ಅವಳದೇ.

"ಅಮ್ಮಾ, ಇದನ್ನ ಒಂದ್ಸಲನಾದ್ರೂ ಆನ್ ಮಾಡಿದ್ಯಾ?"

"ಮಾಡಿದ್ರೆ ಪಾತ್ರೆ ಎಲ್ಲಿಡ್ಲಿ, ನಿನ್ನ ತಲೆ ಮೇಲಾ?" ಎಂದರು ತಾಯಿ ರಮೋನಾ. "ಚೆನ್ನಾಗಿದೆ ಕಣೇ ಈ ಕಪಾಟು. ಒಳಗೆ ದೀಪ ಬೇರೆ!"

ಸದ್ದು ಕೇಳಿ ಪಕ್ಕದ ಮನೆಯ ಚಾಯೋ ಅತ್ತೆ ಎಂದಿನಂತೆ ಬಾಗಿಲು ತಟ್ಟದೆ ಒಳಬಂದರು. ಮೂವರೂ ಸೇರಿ ಪಾತ್ರೆಗಳನ್ನು ಮಂಚದಡಿ, ಬಚ್ಚಲಲ್ಲಿ ತುಂಬಿದರು. ಮಾರಿಕ್ರೂಸ್ ಬೇಯಿಸಲು ಕೋಳಿ ತರಲು ಅಂಗಡಿಗೆ ಓಡಿದಳು.

ಅಷ್ಟರಲ್ಲಿ ಮನೆ ಮುಂದೆ ಕಾರು ನಿಂತಿತು.

"ಅಯ್ಯೋ ರಮೋನಾ, ದೊಡ್ಡ ಮನುಷ್ಯರು ಬರ್ತಿದ್ದಾರೆ, ಮೇಜು ನೋಡು ಹೇಗಿದೆ!" ಎಂದು ಚಾಯೋ ಅತ್ತೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆಣ್ಣೆ ಡಬ್ಬಿಗಳನ್ನೆಲ್ಲ ಬಾಚಿಕೊಂಡರು. ಮನೆಯಲ್ಲಿ ಖಾಲಿಯಿದ್ದದ್ದು ಒಂದೇ ಜಾಗ.

ಮಾರಿಕ್ರೂಸ್ ಕೋಳಿ ಹಿಡಿದು ಏದುಸಿರು ಬಿಡುತ್ತ ಬಂದಾಗ ವಿಟ್ಕಂಬ್ ಓವನ್ ಆನ್ ಮಾಡಿ ಆಗಿತ್ತು. ಬಂದದ್ದು ಕಪ್ಪು ಹೊಗೆ.

"ನನ್ನ ಡಬ್ಬಿಗಳು! ವರ್ಷಗಟ್ಟಲೆ ಕೂಡಿಟ್ಟಿದ್ದೆ!" ರಮೋನಾ ಎದೆ ಬಡಿದುಕೊಂಡರು.

"ಓವನ್ನಲ್ಲಿ ಡಬ್ಬಿ ಯಾಕ್ರೀ ಇಟ್ರಿ?" ವಿಟ್ಕಂಬ್ ಕಣ್ಣರಳಿಸಿದರು.

"ಮತ್ತೆ ಓವನ್ ಇರೋದು ಯಾತಕ್ಕೆ? ನಮ್ಮ ಬೀದಿಲಿ ಯಾರ ಮನೆಗಾದ್ರೂ ಹೋಗಿ ನೋಡಿ," ಎಂದರು ಚಾಯೋ ಅತ್ತೆ.

ಆ ಮನುಷ್ಯ ನಿಜಕ್ಕೂ ಹೋದರು! ಒಂದೊಂದು ಮನೆಯ ಓವನ್ನಿನ ಬಾಗಿಲನ್ನೂ ತೆಗೆಸಿ ಇಣುಕಿದರು. ಎಲ್ಲದರಲ್ಲೂ ಪಾತ್ರೆ, ಡಬ್ಬಿಗಳೇ. ಮಾರಿಕ್ರೂಸಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ಅವರ ಫೋನು ಬಂತು. "ಅಭಿನಂದನೆ, ನೀವೇ ಮುಖ್ಯಸ್ಥೆ!"

ಮಾರಿಕ್ರೂಸ್ ಕುಣಿದೇಬಿಟ್ಟಳು. ರಮೋನಾ ಶಿಲುಬೆಯ ಗುರುತು ಹಾಕಿಕೊಂಡರು.

"ಹೊಸ ವಿಭಾಗಕ್ಕೆ," ವಿಟ್ಕಂಬ್ ಮುಂದುವರಿಸಿದರು. "ಓವನ್ ಥರಾನೇ ಕಾಣೋ ಪಾತ್ರೆ ಕಪಾಟು. ಬಿಸಿಯಾಗೋ ಓವನ್ನನ್ನ ಇನ್ಮೇಲೆ ಬೇರೆಯವರು ನೋಡ್ಕೊಳ್ತಾರೆ."

ಶಾಖದ ಶಾಸ್ತ್ರ ಓದಲು ಅವಳು ನಿದ್ದೆಗೆಟ್ಟದ್ದೆಷ್ಟು! ಮಾರಿಕ್ರೂಸ್ ಕುಸಿದು ಕೂತು ಅಳತೊಡಗಿದಳು.

"ಏನಾಯ್ತೇ ಇವಳಿಗೆ?" ಚಾಯೋ ಅತ್ತೆ ಗಾಬರಿಯಾದರು.

"ಇನ್ಮೇಲೆ ಇವಳು ಬಿಸಿಯಾಗದ ಓವನ್ ಮಾಡ್ಬೇಕಂತೆ," ಎಂದರು ರಮೋನಾ.

ಚಾಯೋ ಅತ್ತೆ ಅವಳನ್ನು ಬಾಚಿ ತಬ್ಬಿಕೊಂಡರು. "ಅದಕ್ಯಾಕೆ ಅಳ್ತೀಯೇ ಹುಚ್ಚಿ? ಅಂತೂ ಓದಿದ್ದು ಸಾರ್ಥಕ ಆಯ್ತು!"