ಇಪ್ಪತ್ತಾರು ವರ್ಷ ತಳ್ಳಿದ ಕಾರು

ಅವತ್ತು ಬೆಳಿಗ್ಗೆಯೂ ನಾನು ಕಾರು ತಳ್ಳಿದೆ. ನಮ್ಮ ಶೆಡ್ಡು ಇಕ್ಕಟ್ಟು. ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಹಿಂದಕ್ಕೇ ತೆಗೆಯಬೇಕು. ರಿವರ್ಸ್ ಗೇರ್ ಹೋಗಿದೆ ಎಂದು ಯಜಮಾನರು ಕಾರು ತಂದ ವಾರವೇ ಹೇಳಿದ್ದರು. ಅಂದಿನಿಂದ ಅವರು ಸ್ಟಿಯರಿಂಗ್ ಹಿಡಿದು ಮಹಾರಾಜರಂತೆ ಕೂರುವುದು, ನಾನು ಬಾನೆಟ್ಟಿಗೆ ಭುಜ ಕೊಟ್ಟು ನೂಕುವುದು. ಇಪ್ಪತ್ತಾರು ವರ್ಷ!

"ಮೆಕ್ಯಾನಿಕ್‌ಗೆ ತೋರಿಸ್ರೀ. ಎಣ್ಣೆನಾದ್ರೂ ಬದಲಾಯಿಸ್ಲಿ," ಎಂದೆ.

"ಹಳೇ ಕಾಲದ ಗೇರ್‌ಬಾಕ್ಸ್ ಕಣೇ! ಬಿಚ್ಚಿದ್ರೇನೇ ಅದು ಕೆಡೋದು. ನೀನು ತಳ್ಳು."

"ನನ್ನ ಸೊಂಟ ಯಾವ ಕಾಲದ್ದು ಅಂದ್ಕೊಂಡಿದ್ದೀರಿ?"

ನಕ್ಕರು. ಹೋದರು. ಮಧ್ಯಾಹ್ನ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಕಾರನ್ನು ಬೇರೆ ಯಾರೋ ತಂದು ಶೆಡ್ಡಿಗೆ ಬಿಟ್ಟರು.

ಆರು ತಿಂಗಳಾದ ಮೇಲೆ ಮೈದುನ ಬಂದ.

"ಅತ್ತಿಗೆ, ಶನಿವಾರ ಗುಜರಿಯವನನ್ನ ಕರ್ಕೊಂಡು ಬರ್ತೀನಿ. ಆ ಗೇರ್‌ಬಾಕ್ಸಲ್ಲಿ ತುಕ್ಕು ಬಿಟ್ರೆ ಏನೂ ಉಳಿದಿರಲ್ಲ. ಕೊಟ್ಬಿಡಿ."

ನನಗೆ ರೋಷ ಉಕ್ಕಿತು. ಆ ಸೀಟಿನಲ್ಲಿ ಅವರು ಕೂತ ಗುಂಡಿ ಇನ್ನೂ ಹಾಗೇ ಇದೆ. ಅದನ್ನು ಗುಜರಿಗೆ ಹಾಕಬೇಕೇ?

"ಯಾರೂ ತಳ್ಳದೆ ನಾನೊಬ್ಬಳೇ ಆಚೆ ತಂದ್ರೆ?"

"ತಂದ್ರೆ ಇಟ್ಕೊಳ್ಳಿ!"

"ನೋಡ್ತಾ ಇರಪ್ಪ! ರಿವರ್ಸ್ ರಿಪೇರಿ ಮಾಡ್ಸಿ, ಜಮ್ಮಂತ ತರ್ತೀನಿ!"

ಶನಿವಾರ ಬೆಳಿಗ್ಗೆಯೇ ಮೆಕ್ಯಾನಿಕ್ಕನ್ನು ಕರೆಸಿದೆ. ಹೊಸ ಬ್ಯಾಟರಿ ಹಾಕಿ, ಕಾರಿನ ಕೆಳಗೆ ತೂರಿ ಗೇರ್‌ಬಾಕ್ಸಿನ ಬಿರಡೆ ತೆಗೆದ. ಡಾಂಬರಿನಂಥದ್ದು ಎರಡು ಚಮಚ ಬಂತು. ಅಷ್ಟೇ!

"ಅಮ್ಮಾ, ಇದು ಗೇರ್‌ಬಾಕ್ಸಾ, ನಮ್ಮತ್ತೆನಾ? ಇಷ್ಟು ವರ್ಷ ಒಣಗಿಸಿದ್ರೂ ಜಗ್ಗಿಲ್ಲ!"

ಹೊಸ ಎಣ್ಣೆ ತುಂಬಿ, ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ಕಾರು ಸ್ಟಾರ್ಟ್ ಮಾಡಿಸಿದ. "ಈಗ ರಿವರ್ಸ್ ಹಾಕಿ ನೋಡಿ," ಎಂದ.

ಅಷ್ಟರಲ್ಲಿ ಮೈದುನ ಗುಜರಿಯವನೊಂದಿಗೆ ಬಂದು, ತನ್ನ ಹೊಸ ಸ್ಕೂಟರನ್ನು ಶೆಡ್ಡಿನ ಬಾಗಿಲಿಗೇ ಅಡ್ಡ ನಿಲ್ಲಿಸಿದ. ನಾನು ನೋಡಲಿಲ್ಲ. ಮುಂದಕ್ಕೆ ಓಡಿಸುವುದನ್ನು ಯಜಮಾನರು ಕಲಿಸಿದ್ದರು. ಹಿಂದಕ್ಕೆ ಯಾರು ಕಲಿಸಿದ್ದರು? ಹೋಗಿರುವ ಗೇರು, ಹಾಕಿದರೆ ಏನಾದೀತು ಎಂಬ ಧೈರ್ಯ. ರಿವರ್ಸಿಗೆ ಎಳೆದೆ. ಆಕ್ಸಿಲರೇಟರ್ ಒತ್ತಿದೆ.

ಅಯ್ಯಯ್ಯೋ! ಕಾರು ಹಿಂದಕ್ಕೆ ಹಾರಿತು!

"ಬ್ರೇಕು! ಅಮ್ಮಾ, ಬ್ರೇಕು!" ಮೆಕ್ಯಾನಿಕ್ ಕೂಗಿದ.

"ನನ್ನ ಸ್ಕೂಟರು!" ಮೈದುನ ಕೂಗಿದ.

ಸ್ಕೂಟರು ಅಪ್ಪಚ್ಚಿ! ಗುಜರಿಯವನು ಅದನ್ನು ಎರಡು ಸುತ್ತು ನೋಡಿ ಗಂಭೀರವಾಗಿ ಕೇಳಿದ, "ಸ್ವಾಮಿ, ತಗೊಂಡು ಹೋಗ್ಬೇಕಾಗಿರೋದು ಇದೇನಾ?"

"ಗೆದ್ದೆ!" ಎಂದೆ. ಸ್ಟಿಯರಿಂಗ್ ಮಾತ್ರ ಬಿಡಲಿಲ್ಲ.

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ನಾನು ಎಣ್ಣೆ ಹಾಕಿದ್ದು ಬಿಟ್ರೆ ಏನೂ ಮಾಡಿಲ್ಲ. ರಿವರ್ಸ್ ಹೋಗಿದೆ ಅಂತ ಯಾರಮ್ಮ ಹೇಳಿದ್ದು? ಇದು ಯಾವತ್ತೂ ಕೆಟ್ಟೇ ಇಲ್ಲ!"

ನಾನು ಮೈದುನನನ್ನು ನೋಡಿದೆ. ಅವನು ನೆಲ ನೋಡಿದ.

"ಹೇಳೋ."

"ಅಣ್ಣನಿಗೆ ರಿವರ್ಸ್ ತೆಗೆಯೋಕೆ ಬರ್ತಿರ್ಲಿಲ್ಲ, ಅತ್ತಿಗೆ. ಮೊದಲನೇ ವಾರನೇ ಗೋಡೆಗೆ ಗುದ್ದಿದ. ನಿಮ್ಮ ಮುಂದೆ ಮರ್ಯಾದೆ ಹೋಗುತ್ತೆ ಅಂತ ಗೇರ್ ಹೋಗಿದೆ ಅಂದ. ಮೆಕ್ಯಾನಿಕ್ ಹತ್ರ ಹೋದ್ರೆ ಗುಟ್ಟು ಬಯಲಾಗುತ್ತಲ್ಲ, ಅದಕ್ಕೇ ಎಣ್ಣೇನೂ ಬದಲಾಯಿಸ್ಲಿಲ್ಲ. ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ದ."

ಜಗಳ ಆಡಲು ಬಾಯಿ ತೆರೆದೆ. ಎದುರಿಗೆ ಆಸಾಮಿ ಇಲ್ಲ. ನಗು ಬಂತು. ಬಂದ ನಗು ನಿಲ್ಲಲೇ ಇಲ್ಲ. ಕೊನೆಗೆ ಮೈದುನನೇ ಒಳಗಿನಿಂದ ನೀರು ತಂದು ಕೊಟ್ಟ.

ಕಾರು ಉಳಿಯಿತು. ಸ್ಕೂಟರು ಗುಜರಿಗೆ ಹೋಯಿತು. ನನ್ನ ಜಂಬ ಮಾತ್ರ ಒಂದು ದಿನವೂ ಬಾಳಲಿಲ್ಲ. ಮರುದಿನವೇ ಗೇರ್‌ಬಾಕ್ಸ್ ತೊಟ್ಟಿಕ್ಕತೊಡಗಿತು.

"ಎಣ್ಣೆ ತಡೆಯೋ ರಬ್ಬರ್ ಸೀಲು ಒಣಗಿ ಬಿರಿದಿದೆ, ಅಮ್ಮಾ. ಈ ಕಾರಿನದ್ದು ಈಗೆಲ್ಲೂ ಸಿಗಲ್ಲ," ಎಂದ ಮೆಕ್ಯಾನಿಕ್.

"ಇಷ್ಟು ವರ್ಷ ಸೋರಿಲ್ವಲ್ಲಪ್ಪ!"

"ಸೋರೋಕೆ ಒಳಗೆ ಏನಿತ್ತು?"

ಈಗ ಬೆಳಿಗ್ಗೆ ಎದ್ದ ಕೂಡಲೇ ಶೆಡ್ಡಿಗೆ ಹೋಗುತ್ತೇನೆ. ಸೋರಿದ ಎಣ್ಣೆ ಹಿಡಿಯಲು ಕಾರಿನ ಕೆಳಗೆ ಇಟ್ಟ ತಟ್ಟೆ ಎಳೆದು, ಆಚೀಚೆ ಬಿದ್ದದ್ದನ್ನು ಒರೆಸುತ್ತೇನೆ. ಒರೆಸಿ ಮುಗಿಯುವವರೆಗೂ ಅವರನ್ನು ಬೈಯುತ್ತೇನೆ. ಆಮೇಲೆ, ನಾಳೆಗೂ ಸೋರಬೇಕಲ್ಲ, ತಟ್ಟೆಯ ಎಣ್ಣೆಯನ್ನು ಮತ್ತೆ ಒಳಕ್ಕೆ ಸುರಿಯುತ್ತೇನೆ.