ಹೆಚ್ಚಿಗೆ ಬಂದ ಟ್ರೆಡ್‌ಮಿಲ್ಲೂ ಹರಿದಾಸ ಮಾಸ್ಟ್ರ ಧರ್ಮವೂ

ಹರಿದಾಸ ಮಾಸ್ಟ್ರ ಮೇಲೆ ಹೆಂಡತಿ ನೀರಜಾಕ್ಷಿಯಮ್ಮನ ದೂರು ಒಂದೇ. ಫಳ್ನೀರು ರಸ್ತೆಯ ಡಾಕ್ಟರು ನಡೆಯಿರಿ ಅಂದ ದಿನದಿಂದ ಈ ಮನುಷ್ಯ ಬೆಳಗಾದರೆ ಕ್ಯಾನ್ವಾಸ್ ಶೂ ಕಟ್ಟಿ ಜೆಪ್ಪಿನ ಫ್ಲ್ಯಾಟಿನಿಂದ ಹೊರಟವರು ಗಂಟೆ ಕಳೆದೇ ವಾಪಸು ಬರುತ್ತಾರೆ. ಆದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಕೊಲೆಸ್ಟ್ರಾಲ್ ಮೇಲಕ್ಕೇ ಹೋಗುತ್ತದೆ. ನಡೆದಷ್ಟೂ ಕೊಬ್ಬು ಏರುವ ಪ್ರಾಣಿಯನ್ನು ತಾನು ಇದೇ ಮೊದಲು ನೋಡುವುದು ಎಂದು ಆಕೆ ಡಾಕ್ಟರ ಎದುರೇ ಹೇಳಿಬಿಟ್ಟಿದ್ದರು.

ಮಾಸ್ಟ್ರು ನಡೆಯುತ್ತಿದ್ದದ್ದು ಸುಳ್ಳಲ್ಲ. ಎಲ್ಲಿಗೆ ನಡೆಯುತ್ತಿದ್ದರು ಎಂಬುದನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ರಸ್ತೆಯ ತಿರುವಿನಲ್ಲಿ ಒಂದು ಹೋಟೆಲು. ಕೆಳಗಿನ ಮನೆಯ ಇಸಿದೋರ್, ಬ್ಯಾಂಕಿನಿಂದ ನಿವೃತ್ತರಾದವರು, ಮೊದಲೇ ಹೋಗಿ ಫ್ಯಾನಿನ ಕೆಳಗೆ ಜಾಗ ಹಿಡಿದಿರುತ್ತಿದ್ದರು. ಆಗಷ್ಟೇ ಬಾಣಲೆಯಿಂದ ಎದ್ದ ಗೋಳಿಬಜೆ, ಅದರ ಮೇಲೆ ಕಾಯಿಚಟ್ನಿ, ಅದರ ಮೇಲೆ ಒಂದು ಚಾ. (ಒಂದೇ ಪ್ಲೇಟು ಎಂದು ಮಾಸ್ಟ್ರು ನಿಮಗೆ ಹೇಳಿದರೆ ನಂಬಬೇಡಿ.) ಮನೆಯಲ್ಲಿ ಮೂರು ಹೊತ್ತೂ ಎಣ್ಣೆ ಕಾಣದ ಪಲ್ಯ ತಿನ್ನುವ ಮನುಷ್ಯನಿಗೆ ಲೋಕದಲ್ಲಿ ಉಳಿದಿದ್ದ ಸುಖ ಇದೊಂದೇ.

ಆ ಸುಖದ ಬುಡಕ್ಕೆ ನೀರಜಾಕ್ಷಿಯಮ್ಮ ಕೊಡಲಿ ಹಾಕಿದರು. ಮಳೆಯೂ ಬೇಡ, ಬಿಸಿಲೂ ಬೇಡ, ಇನ್ನು ಮನೆಯೊಳಗೆ ನನ್ನ ಕಣ್ಣೆದುರೇ ನಡೆಯಿರಿ ಎಂದು ಮೊಬೈಲಿನಲ್ಲಿ ಒಂದು ಟ್ರೆಡ್‌ಮಿಲ್ ಆರ್ಡರ್ ಮಾಡಿದರು. ಒಂದು ಕಳಿಸಿ ಅಂದರೆ ಆ ಪುಣ್ಯಾತ್ಮರು ಎರಡು ಕಳಿಸಿದರು. ಮನೆಯ ಹಾಲ್ ತುಂಬ ಎರಡು ದೊಡ್ಡ ಪೆಟ್ಟಿಗೆ, ಎರಡರ ಮೇಲೂ ಆಕೆಯದೇ ಹೆಸರು, ಆಕೆಯದೇ ವಿಳಾಸ.

ಒಂದನ್ನು ವಾಪಸು ಕಳಿಸುವುದು, ಇನ್ನೊಂದನ್ನು ನಾಳೆಯೇ ಬಿಚ್ಚುವುದು ಎಂದು ಆಕೆ ತೀರ್ಪು ಕೊಟ್ಟರು. ಗೋಳಿಬಜೆಗೆ ಕೊನೆಗಾಲ ಬಂತೆಂದು ಮಾಸ್ಟ್ರಿಗೆ ಗೊತ್ತಾಯಿತು. ಆದರೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದ ತಲೆ ಅಲ್ಲವೇ, ಆಪತ್ಕಾಲದಲ್ಲಿ ಕೈಬಿಡಲಿಲ್ಲ.

"ಯಾವುದನ್ನು ಬಿಚ್ಚುತ್ತಿ?" ಎಂದು ಕೇಳಿದರು.

"ಯಾವುದಾದ್ರೆ ಎಂತ? ಎರಡೂ ಒಂದೇ ಅಲ್ವಾ."

"ನಿನ್ನ ಅಪ್ಪ ದೇವಸ್ಥಾನದ ಅರ್ಚಕರು. ಇಬ್ಬರು ಹಣ್ಣುಕಾಯಿಯ ತಟ್ಟೆ ಕೊಟ್ರೆ, ಎರಡೂ ತೆಂಗಿನಕಾಯಿಯೇ ಅಲ್ವಾ ಅಂತ ಅವನದ್ದು ಇವನಿಗೆ, ಇವನದ್ದು ಅವನಿಗೆ ಕೊಟ್ಟದ್ದುಂಟಾ?"

ನೀರಜಾಕ್ಷಿಯಮ್ಮ ಪೆಟ್ಟಿಗೆಯ ಮೇಲಿಟ್ಟಿದ್ದ ಕೈ ತೆಗೆದರು. ತಟ್ಟೆ ಬದಲಾಯಿತೆಂದು ಒಮ್ಮೆ ಆಕೆಯ ಅಪ್ಪ ಮಡಿಯಲ್ಲಿಯೇ ಬಸ್ಸಿನ ಹಿಂದೆ ಓಡಿದ್ದು ಮನೆತನದ ಹೆಮ್ಮೆಯ ಕಥೆ. ಮಾಸ್ಟ್ರು ಬಿಡಲಿಲ್ಲ. ಇವೆರಡರಲ್ಲಿ ಒಂದು ಪರರ ಸೊತ್ತು. ಯಾವುದೆಂದು ಅವರೇ ಬಂದು ತೋರಿಸುವವರೆಗೆ ಎರಡನ್ನೂ ಮುಟ್ಟಬಾರದು. ಗೊತ್ತಿಲ್ಲದೆ ಪರರ ಸೊತ್ತಿನ ಮೇಲೆ ನಡೆದರೂ ಅದು ಕಳವೇ. ಹೀಗೆ ಹೇಳಿ ಎರಡು ಶ್ಲೋಕವನ್ನೂ ಉದುರಿಸಿದರು. (ಒಂದು ಶ್ಲೋಕ ಅತಿಥಿ ಸತ್ಕಾರದ್ದು. ಆಕೆಗೆ ಸಂಸ್ಕೃತ ಬರುವುದಿಲ್ಲ.) ಹಾಗಾದರೆ ಕಂಪೆನಿಗೆ ಫೋನ್ ಮಾಡಿ ಎಂದು ಆಕೆ ಒಳಗೆ ಹೋದರು. ಮದುವೆಯಾದಂದಿನಿಂದ ಮಾಸ್ಟ್ರು ಗೆದ್ದ ಮೊದಲ ವಾದ ಅದು.

ಫೋನನ್ನು ಮಾಸ್ಟ್ರು ದಿನಾ ಮಾಡುತ್ತಿದ್ದರು. ಆ ಕಡೆ ಸಂಗೀತ ಬರುವವರೆಗೆ ಕಿವಿಗೆ ಹಿಡಿಯುವುದು, ಮನುಷ್ಯರ ಸ್ವರ ಬಂದ ಕೂಡಲೇ ಕಟ್ ಮಾಡುವುದು. ಎಂತ ಮಾಡುವುದು, ಯಾರೂ ಮಾತಾಡುವುದಿಲ್ಲ ಎಂದು ಹೆಂಡತಿಗೆ ಹೇಳಿ, ಶೂ ಕಟ್ಟಿ, ಧರ್ಮವನ್ನು ರಕ್ಷಿಸಿದ ನೆಮ್ಮದಿಯಲ್ಲಿ ಹೋಟೆಲಿಗೆ ಹೊರಡುವುದು.

ಹೀಗೆಯೇ ಇದ್ದಿದ್ದರೆ ಆಗುತ್ತಿತ್ತು. ಗೆದ್ದವನಿಗೆ ಇನ್ನೂ ಗೆಲ್ಲುವ ಚಪಲ ನೋಡಿ. ಒಂದು ಬೆಳಿಗ್ಗೆ ಇಸಿದೋರ್ ಚಟ್ನಿಗೆ ಬೆರಳು ಅದ್ದಿಕೊಂಡು, "ಮಾಸ್ಟ್ರೇ, ಯಾವುದು ಅವರದ್ದು ಅಂತ ಗೊತ್ತಿಲ್ಲದಿದ್ರೆ ಎರಡನ್ನೂ ತೆಗೆದುಕೊಂಡು ಹೋಗ್ಲಿ ಅಲ್ವಾ ಮಾರಾಯ್ರೆ?" ಎಂದರು. ಮಾಸ್ಟ್ರಿಗೆ ಜ್ಞಾನೋದಯವಾಯಿತು. ಆ ದಿನ ಇನ್ನೊಂದು ಪ್ಲೇಟು ಹೇಳಿದರು.

ಸಂಜೆ ಅವರು ಹೆಂಡತಿಯನ್ನು ಕರೆದು ಎದುರು ಕೂರಿಸಿದರು. ಇಸಿದೋರರ ಹೆಂಡತಿ ಶರೊನ್‌ಬಾಯಿ ಎರಡು ಪೆಟ್ಟಿಗೆಯ ವಿಸ್ಮಯ ನೋಡಲು ಬಂದಿದ್ದರು, ಅವರೂ ಕೂತರು. ತನ್ನ ಪ್ರಾಮಾಣಿಕತೆಗೆ ಸಾಕ್ಷಿ ಇರಲೆಂದು ಮಾಸ್ಟ್ರು ಫೋನನ್ನು ಸ್ಪೀಕರಿಗೆ ಹಾಕಿದರು. ಕಂಪೆನಿಯ ಕಡೆಯಿಂದ ಚೈತಾಲಿ ಎಂಬ ಹುಡುಗಿ ಮಾತಾಡಿದಳು. ಮಾಸ್ಟ್ರು ಹಣ್ಣುಕಾಯಿಯ ತಟ್ಟೆಯಿಂದ ಹಿಡಿದು ಮಾವನ ಓಟದವರೆಗೆ ಎಲ್ಲವನ್ನೂ ವಿವರಿಸಿ, "ನಮಗೆ ಪರರ ಸೊತ್ತಿನ ಕಣವೂ ಬೇಡಮ್ಮ. ಎರಡನ್ನೂ ತೆಗೆದುಕೊಂಡು ಹೋಗಿ" ಎಂದರು. ಹುಡುಗಿ ಮ್ಯಾನೇಜರನ್ನು ಕೇಳಿ ಬಂದಳು.

"ಸರ್, ಜಾಸ್ತಿ ಬಂದದ್ದನ್ನು ಯಾರೂ ಹೇಳೋದೇ ಇಲ್ಲ. ನಿಮ್ಮ ಪ್ರಾಮಾಣಿಕತೆಗೆ ನಮ್ಮ ಗೌರವ ಅಂತ ಎರಡನ್ನೂ ನೀವೇ ಇಟ್ಕೊಳ್ಳಿ. ನಾಳೆ ನಮ್ಮವರು ಬಂದು ಎರಡನ್ನೂ ಜೋಡಿಸಿ ಕೊಡ್ತಾರೆ."

ಮಾಸ್ಟ್ರು ಬೇಡವೆಂದರು. ಅಂಗಲಾಚಿದರು. ಪಾಪ ಸುತ್ತಿಕೊಳ್ಳುತ್ತದೆ ಎಂದರು. ಅವರು ಬೇಡ ಅಂದಷ್ಟೂ ಆ ಕಡೆ ಗೌರವ ಹೆಚ್ಚಾಯಿತು, ಕೊನೆಗೆ ಮ್ಯಾನೇಜರೇ ಲೈನಿಗೆ ಬಂದು ನಮಸ್ಕಾರ ಹೇಳಿ ಫೋನಿಟ್ಟರು. ನೀರಜಾಕ್ಷಿಯಮ್ಮನಿಗೆ ನಿಜಕ್ಕೂ ಕಣ್ಣು ಒದ್ದೆಯಾಯಿತು. ಇಂಥ ಗಂಡನ ಮೇಲೆ ತಾನು ಇಷ್ಟು ಕಾಲ ಸಂಶಯಪಟ್ಟೆನಲ್ಲ ಎಂದು ಶರೊನ್‌ಬಾಯಿಯ ಹತ್ತಿರ ಮನಸ್ಸು ಬಿಚ್ಚಿದರು, ರಕ್ತ ಪರೀಕ್ಷೆಯ ಸಂಗತಿಯನ್ನೂ ಹೇಳಿದರು. ಶರೊನ್‌ಬಾಯಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಇವರದ್ದೂ ಹಾಗೆಯೇ ಮಾರಾಯ್ತಿ," ಎಂದರು. "ದಿನಾ ಮಾಸ್ಟ್ರೊಟ್ಟಿಗೆ ವಾಕಿಂಗ್ ಹೋಗ್ತಾರೆ. ಇವರದ್ದೂ ಏರಿಯೇ ಉಂಟು."

ಇಬ್ಬರು ಹೆಂಗಸರೂ ಒಟ್ಟಿಗೆ ಮಾಸ್ಟ್ರ ಕಡೆ ತಿರುಗಿದರು. ಇಂಥ ಸಂದರ್ಭಕ್ಕೆ ಯಾವ ಶ್ಲೋಕವೂ ಇಲ್ಲ. ಹೆಚ್ಚಿನದ್ದನ್ನು ಯಾರಿಗಾದರೂ ದಾನ ಮಾಡೋಣ ಎಂದು ಮಾಸ್ಟ್ರು ಮೆಲ್ಲಗೆ ಹೇಳಿ ನೋಡಿದರು. ಅದಕ್ಕೆ ಜನ ಸಿಕ್ಕಿಯಾಯಿತು ಎಂದರು ನೀರಜಾಕ್ಷಿಯಮ್ಮ.

ಮರುದಿನ ಯಂತ್ರಗಳ ಜೋಡಣೆಯಾಯಿತು, ಅದರ ಮರುದಿನ ಎರಡಕ್ಕೂ ಅರಸಿನ ಕುಂಕುಮ ಹಚ್ಚಿ ಕಾಯಿ ಒಡೆದದ್ದೂ ಆಯಿತು. ಬೆಳಕು ಹರಿಯುವ ಹೊತ್ತಿಗೆ ಹಾಲ್‌ನಲ್ಲಿ ಒಂದರ ಮೇಲೆ ಮಾಸ್ಟ್ರು, ಪಕ್ಕದ್ದರ ಮೇಲೆ ಇಸಿದೋರ್. ಎದುರು ಕುರ್ಚಿಗಳಲ್ಲಿ ಇಬ್ಬರು ಮಹಿಳೆಯರು ಆರಾಮವಾಗಿ ಚಾ ಕುಡಿಯುತ್ತಿದ್ದಾರೆ. ಎಷ್ಟು ನಡೆದರೂ ಹೋಟೆಲು ಬರಲೊಲ್ಲದು.

"ಮಾಸ್ಟ್ರೇ," ಇಸಿದೋರ್ ಏದುಸಿರಿನ ನಡುವೆ ಪಿಸುಗುಟ್ಟಿದರು, "ನಿಮ್ಮ ಶಾಸ್ತ್ರದಲ್ಲಿ ಇದಕ್ಕೆ ಪರಿಹಾರ ಎಂತದಾದ್ರೂ ಉಂಟಾ?"

ನೀರಜಾಕ್ಷಿಯಮ್ಮ ಎದ್ದು ಬಂದು ವೇಗದ ಗುಂಡಿಯನ್ನು ಒಂದು ಸಲ ಒತ್ತಿ ಹೋಗಿ ಕೂತರು. ಶಾಸ್ತ್ರ ಹೇಳಲು ಮಾಸ್ಟ್ರಲ್ಲಿ ಉಸಿರು ಉಳಿದಿರಲಿಲ್ಲ.